ದೇವರ ಜಗಲಿಯ ಮೇಲಿಟ್ಟ ಎಮ್ಮೆ

ಚಿತ್ರ ಬಿಡಿಸಿರಿ ಎಂದರೆ ನಮ್ಮ ಶಾಲೆಯ ಮಕ್ಕಳು ಎರಡು ಗುಡ್ಡ ಬರೆಯುತ್ತಾರೆ. ನಡುವೆ ಸೂರ್ಯ, ಕೆಳಗೆ ನದಿ, ದಂಡೆಗೆ ಒಂದು ತೆಂಗಿನ ಮರ. ಹಾರೂಗೇರಿಯಿಂದ ರಾಯಬಾಗದವರೆಗೆ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಕೂತರೂ ಕಬ್ಬು ಬಿಟ್ಟರೆ ಕಬ್ಬು. ಅಂಥ ಜೋಡಿ ಗುಡ್ಡ ಎಲ್ಲೂ ಕಾಣುವುದಿಲ್ಲ. ಆದರೂ ಒಂದನೇ ತರಗತಿಯಿಂದ ಐದನೇತ್ತೆಯವರೆಗೆ ಅದೇ ಗುಡ್ಡ, ಅದೇ ಸೂರ್ಯ. ಇಷ್ಟು ವರ್ಷ ಅವಕ್ಕೆ ಸರಿ ಗುರುತು ಹಾಕಿ ಹಾಕಿ ಬೇಸತ್ತಿದ್ದೆ. ಪುಸ್ತಕದ ಚೀಲವಿಲ್ಲದೆ ಮಕ್ಕಳು ಬರುವ ಒಂದು ಶನಿವಾರ, ಬಣ್ಣದ ಡಬ್ಬಿಗಳನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕಿ, "ಇವತ್ತ ಮಣ್ಣಾಗ ಆಡೂಣು" ಅಂದೆ.

ಅದು ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ. ಆ ಹಬ್ಬಕ್ಕೆ ನಮ್ಮ ಕಡೆ ಮನೆಮನೆಯಲ್ಲೂ ಮಣ್ಣಿನ ಎತ್ತುಗಳನ್ನು ಮಾಡಿ ಇಲ್ಲವೇ ತಂದು ಪೂಜಿಸುತ್ತಾರಾದ್ದರಿಂದ ಕರಿ ಎರಿಮಣ್ಣಿಗೆ ಕೊರತೆ ಇರಲಿಲ್ಲ. ಮಕ್ಕಳು ತಟ್ಟೆ ಡಬ್ಬಿ ತುಂಬಿಕೊಂಡು ತಂದರು. ಸೋಮವಾರ ತಂದೆ ತಾಯಿಯರು ಶಾಲೆಗೆ ಬರುವವರಿದ್ದರು. ಮಾಡಿದ್ದನ್ನೆಲ್ಲ ಬೆಂಚಿನ ಮೇಲೆ ಸಾಲಾಗಿಟ್ಟು, ಮುಂದೆ ಮಾಡಿದವರ ಹೆಸರಿನ ಚೀಟಿ ಇಟ್ಟು ತೋರಿಸುವುದೆಂದು ನಾನೇ ಹೇಳಿದ್ದೆ.

ಮೂರನೇತ್ತೆಯ ಒಬ್ಬ ಹುಡುಗಿ ಕಿಟಕಿಯ ಕೆಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಓದಿಸಿದರೆ ಅಕ್ಷರದ ಮೇಲೆ ಬೆರಳಿಟ್ಟು ಸುಮ್ಮನಾಗುವ ಹುಡುಗಿ ಅವಳು. ಊಟದ ಗಂಟೆ ಹೊಡೆದರೂ ಏಳಲಿಲ್ಲ. ಬಗ್ಗಿ ನೋಡಿದರೆ ಮೊಳಗೈ ಉದ್ದದ ಎಮ್ಮೆ, ಕಾಲು ಮಡಚಿ ಮಲಗಿದ್ದು. ಹೊಟ್ಟೆ ಒಂದು ಕಡೆ ಜಾರಿತ್ತು. ಬಲಗೋಡು ಸರಿಯಾಗಿ ಹಿಂದಕ್ಕೆ ಬಾಗಿತ್ತು. ಎಡಗೋಡು ಮಾತ್ರ ಕೆಳಗಿಳಿದು ಕೆನ್ನೆಗೆ ತಾಗಿತ್ತು. ಮೆಲುಕು ಹಾಕುವಾಗ ದವಡೆ ಒಂದು ಬದಿಗೆ ಸರಿಯುತ್ತದಲ್ಲ, ಅದನ್ನೂ ಬಿಟ್ಟಿರಲಿಲ್ಲ.

"ಯಾರ ಎಮ್ಮಿ ಬೇ ಇದು?"

"ನಮ್ದರಿ. ಅಪ್ಪ ಫೋನ್ ಮಾಡಿದ್ರ ಮೊದಲ ಇದನ್ನ ಕೇಳ್ತಾನ್ರಿ. ಆಮ್ಯಾಲ ನನ್ನ ಕೇಳ್ತಾನು."

ಅವಳ ಅಪ್ಪ ಲಾರಿ ಡ್ರೈವರ್. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ದಾರಿಯಲ್ಲಿ ಊರು ಸಿಕ್ಕರೆ ಬಂದು ಹೋಗುವವನು. ಸೋಮವಾರ ಮುಂಜಾನೆ ಬರುತ್ತಾನಂತೆ, ಶಾಲೆಗೂ ಬರುತ್ತಾನಂತೆ. ಆಮೇಲೆ ಅವಳು ನನ್ನ ಸೆರಗು ಜಗ್ಗಿ, ಕಿವಿಗೆ ಬಾಯಿ ತಂದು ಹೇಳಿದಳು: "ಅಕ್ಕೋರ, ಇದು ನಮ್ಮ ಎಮ್ಮಿ ಅಂತ ಅಪ್ಪಗ ನೀವು ಹೇಳಬ್ಯಾಡ್ರಿ. ತಾನ ಗುರ್ತ ಹಿಡಿತಾನೇನು ನೋಡೂಣು."

"ನಾ ಯಾಕ ಹೇಳ್ಲೆವ್ವ" ಅಂದೆ.

"ಆಣಿ?"

"ಆಣಿ."

ಶಾಲೆಯ ಮಾಡು ಆಷಾಢ ಬರುವ ಮೊದಲೇ ಸೋರುತ್ತದೆ. ಹುಡುಗರ ಎತ್ತು, ಟ್ರ್ಯಾಕ್ಟರುಗಳನ್ನು ಮೇಜಿನ ಕೆಳಗೆ ತಳ್ಳಿದೆ. ಆದರೆ ಆ ಎಮ್ಮೆಯನ್ನು ಅಲ್ಲಿ ಬಿಡಲು ಮನಸ್ಸಾಗಲಿಲ್ಲ. ಹುಡುಗಿಯ ಎದುರಿಗೇ ಒದ್ದೆ ಅರಿವೆ ಸುತ್ತಿ, ಕಂಕುಳಲ್ಲಿ ಕೂಸಿನಂತೆ ಹಿಡಿದುಕೊಂಡು ಮನೆಗೆ ತಂದೆ. ನೆರಳಿನಲ್ಲಿ ಮೆಲ್ಲಗೆ ಆರಬೇಕು, ಇಲ್ಲವಾದರೆ ಬಿರಿಯುತ್ತದೆ. ಮನೆಯಲ್ಲಿ ಮಕ್ಕಳ ಕೈ, ಬೆಕ್ಕಿನ ಬಾಲ, ಯಾವುದೂ ಮುಟ್ಟದ ಜಾಗ ಒಂದೇ. ದೇವರ ಜಗಲಿ, ಪೂಜೆಯ ಕಟ್ಟೆ. ಅದರ ಮೂಲೆಯಲ್ಲಿ ಇಟ್ಟೆ.

ಮರುದಿನ ಹಬ್ಬ. ಅತ್ತೆ ಕುಂಬಾರರ ಮನೆಯಿಂದ ಜೋಡೆತ್ತು ತಂದು ಜಗಲಿಯ ಮೇಲೆ ಕೂರಿಸಿದರು. ಎಮ್ಮೆ ಅವರ ಕಣ್ಣಿಗೆ ಬಿತ್ತು.

"ಇದ್ಯಾವ ಬೀಗತಿ ಬಂದ ಕುಂತಾಳು ಎತ್ತಿನ ಮಗ್ಗಲಾಗ?"

ನಾನು ನಗುತ್ತ, "ಸಾಲಿ ಹುಡುಗಿ ಮಾಡ್ಯಾಳ್ರಿ" ಅಂದೆ. ಅಷ್ಟೇ ಅಂದೆ. ಇನ್ನೆರಡು ಮಾತು ಸೇರಿಸಿದ್ದರೆ ಆಗುತ್ತಿತ್ತು.

"ಛಲೋ ಮಾಡ್ಯಾಳ ನೋಡು. ಹಾಲ ಕೊಡು ಜೀವ, ಇದಕ್ಯಾಕ ಬ್ಯಾಡ" ಎಂದು ಅತ್ತೆ ಅದರ ಹಣೆಗೂ ಅರಿಸಿನ ಕುಂಕುಮ ಹಚ್ಚಿ, ಇಳಿದ ಕೋಡಿನ ಮೇಲೊಂದು ಹೂವಿಟ್ಟರು. ಹೋಳಿಗೆ ಎಡೆ ಹಿಡಿದರು. ಆರತಿಯ ತಟ್ಟೆ ಹಿಡಿದು ನಿಂತವಳು ನಾನೇ. ಎಮ್ಮೆಗೆ ಕೈ ಮುಗಿದವಳೂ ನಾನೇ. ಹುಡುಗಿಗೆ ಇದನ್ನು ಹೇಳಿದರೆ ಎಷ್ಟು ಹಿಗ್ಗಿಯಾಳು ಎಂದುಕೊಂಡೆ.

ಸೋಮವಾರ ಸ್ನಾನ ಮುಗಿಸಿ ಬಂದು ನೋಡಿದರೆ ಜಗಲಿ ಸಾರಿಸಿತ್ತು.

"ಅತ್ತೀ, ಎಮ್ಮಿ ಎಲ್ಲೈತ್ರಿ?"

"ಎಲ್ಲಿರ್ತೈತಿ? ಎತ್ತಿನ ಸಂಗಾಟ ಬಾವಿಗೆ ಬಿಟ್ಟ ಬಂದ್ನಿ."

"ಅದು ಸಾಲೀದ್ರೀ! ಇವತ್ತ ಆ ಹುಡುಗಿ ಅಪ್ಪಗ ತೋರಸ್ಬೇಕಿತ್ರಿ!"

ಅತ್ತೆ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು. ಅವರ ಮುಖವೂ ಇಳಿಯಿತು. ಆದರೆ ಮಾತು ಬಿಡುವವರಲ್ಲ. "ಸಾಲೀದಿದ್ರ ಸಾಲ್ಯಾಗ ಇಡಬೇಕವ್ವ. ದೇವರ ಜಗಲಿ ಮ್ಯಾಲ ಇಟ್ಟಾಕಿ ನೀನು, ಆರತಿ ಬೆಳಗಿದಾಕಿ ನೀನು. ಪೂಜಿ ಆದ ಮಣ್ಣ ಮನ್ಯಾಗ ಇಟ್ಕೊಂತಾರೇನು? ಅಷ್ಟ ಗೊತ್ತಿಲ್ಲೇನ ನಿನಗ?"

ಗೊತ್ತಿತ್ತು. ಮದುವೆಯಾಗಿ ಬಂದ ಮೇಲೆ ವರ್ಷಾ ವರ್ಷ ಆ ಎತ್ತುಗಳನ್ನು ಬಾವಿಗೆ ಬಿಡುವಾಗ ಜೊತೆಗೆ ಹೋದವಳೇ ನಾನು. ಈ ಸಲವೂ ಓಡಿದೆ. ಮೆಟ್ಟಿಲ ತುದಿಯಲ್ಲಿ ನಿಂತು ಇಣುಕಿದರೆ ಅರಿಸಿನ ತೇಲುವ ರಾಡಿ ನೀರು, ಎರಡು ಹೂವು. ಹಸಿ ಮಣ್ಣು ನೀರಿಗೆ ಎಷ್ಟು ಹೊತ್ತು ತಾಳೀತು?

ಹುಡುಗಿ ಶಾಲೆಯ ಗೇಟಿನಲ್ಲೇ ನಿಂತಿದ್ದಳು. ಎರಡು ಜಡೆ, ಹೊಸ ರಿಬ್ಬನ್. ನನ್ನ ಖಾಲಿ ಕಂಕುಳ ನೋಡಿದಳು. ದಾರಿಯಲ್ಲಿ ಏನೇನೋ ಸುಳ್ಳು ಕೂಡಿಸಿಕೊಂಡು ಬಂದಿದ್ದೆ. ಬಾಯಿಗೆ ಒಂದೂ ಬರಲಿಲ್ಲ. ನಿಜ ಹೇಳಿದೆ.

ಅವಳು ಕೇಳಿದಳು: "ನೀರಾಗ ಕರಗೈತೇನ್ರಿ?"

"ಹೂಂನವ್ವ."

"ಕೋಡ ಸೈತ?"

ಮಣ್ಣು ತಂದು ಅವಳ ಮುಂದೆ ಸುರುವಿದೆ. "ಅಪ್ಪ ಬರೂದ್ರಾಗ ಇನ್ನೊಂದ ಮಾಡು, ಕೈಗೆ ರೂಢಿ ಆಗೇತಿ" ಅಂದೆ. ಶನಿವಾರ ಅರ್ಧ ದಿನ ಹಿಡಿದಿದ್ದನ್ನು ಅರ್ಧ ತಾಸಿನಲ್ಲಿ ಮಾಡು ಎಂದು ಮಗುವಿಗೆ ಹೇಳಿದೆ. ಮಣ್ಣೂ ಜಾಸ್ತಿ ನೀರು ಕುಡಿದಿತ್ತು. ಅವಳು ಕಾಲು ಹಚ್ಚಿದರೆ ಹೊಟ್ಟೆ ಕುಸಿಯುತ್ತಿತ್ತು, ಹೊಟ್ಟೆ ಎತ್ತಿದರೆ ಕುತ್ತಿಗೆ ಮುರಿಯುತ್ತಿತ್ತು. ಎಡಗೋಡು ಮೂರು ಸಲ ಬಿತ್ತು. ಮೂರು ಸಲವೂ ಎತ್ತಿ ಹಚ್ಚಿದಳು.

ಲಾರಿ ರಸ್ತೆಯಲ್ಲಿ ನಿಂತ ಸದ್ದು ಕೇಳಿತು. ಅಪ್ಪ ಒಳಗೆ ಬಂದ. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಮಗಳಿಗೆಂದು ತಂದ ಬಾಳೆಹಣ್ಣಿನ ಗೊನೆ.

"ನಮಸ್ಕಾರ್ರಿ ಅಕ್ಕೋರ. ಸಂಜೀಕ ಪುಣೆ ಮುಟ್ಬೇಕು, ಹತ್ತ ನಿಮಿಷ ಅದಾವ್ರಿ ನನ್ನ ಕಡೆ. ಏನ ಮಾಡ್ಯಾಳ ನಮ್ಮಾಕಿ?"

ಹುಡುಗಿ ಕೈ ಹಿಂದಕ್ಕೆ ತೆಗೆದು, ಮಾಡಿದ್ದನ್ನು ಅವನ ಕಡೆ ತಿರುಗಿಸಿದಳು. ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಬಗ್ಗಿ ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ.

"ಏನಿದು? ಹಂದೀನು?"

ಸುತ್ತಲಿದ್ದ ಮಕ್ಕಳು ಗೊಳ್ಳೆಂದು ನಕ್ಕರು. ನಾನು ಬಾಯಿ ತೆಗೆದೆ. ಹುಡುಗಿ ನನ್ನ ಕಡೆ ನೋಡಿ ತುಸುವೇ ತಲೆ ಅಲ್ಲಾಡಿಸಿದಳು. ಬಾಯಿ ಮುಚ್ಚಿದೆ.

"ತಾ ಇಲ್ಲೆ" ಎಂದು ಅವನು ಅಂಗಿಯ ತೋಳು ಮೇಲೇರಿಸಿ, ಅವಳ ಪಕ್ಕದಲ್ಲೇ ಮಂಡಿಯೂರಿ ಕೂತು, ಆ ಮಣ್ಣನ್ನೆಲ್ಲ ಒಂದೇ ಉಂಡೆ ಮಾಡಿ ಕಲಸಿದ. "ಸಣ್ಣಾವಿದ್ದಾಗ ಇಡೀ ಓಣಿಗೆ ನಾನ ಮಾಡಿ ಕೊಡಾಂವ್ರಿ ಅಕ್ಕೋರ. ಎಷ್ಟ ವರ್ಷಾತು ಮಣ್ಣ ಮುಟ್ಟಿ!" ಅವನ ದಪ್ಪ ಬೆರಳುಗಳು ಏನು ಚುರುಕು! ನೋಡನೋಡುತ್ತಿದ್ದಂತೆ ಕಾಲು, ಬೆನ್ನ ಮೇಲೆ ಉಬ್ಬಿದ ಇಣಿ, ಎರಡು ನೆಟ್ಟನೆಯ ಕೋಡು. ಎತ್ತು ಎದ್ದು ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅವನು ಮಕ್ಕಳಂತೆಯೇ ನಕ್ಕ. ಅಷ್ಟು ಖುಷಿಯಲ್ಲಿದ್ದವನ ಕೈಯಿಂದ ಮಣ್ಣು ಕಸಿದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ತಡೆದಿದ್ದರೂ ಯಾವ ಮಾತಿನಿಂದ ತಡೆಯುತ್ತಿದ್ದೆ?

"ನೋಡ್ದೇನ? ಹಿಂಗ ಮಾಡಬೇಕು" ಎಂದು ಮಗಳ ಕೆನ್ನೆ ಹಿಂಡಿದ. ಕೆನ್ನೆಗೆ ಮಣ್ಣು ಹತ್ತಿತು. "ಎಮ್ಮಿ ಕಡೆ ಲಕ್ಷ್ಯ ಇಡು, ಹೊಟ್ಟು ಹಾಕು ಹೊತ್ತೊತ್ತಿಗೆ. ಬರ್ತೇನ್ರಿ ಅಕ್ಕೋರ."

ಲಾರಿ ಹೋಯಿತು. ಹುಡುಗಿ ನಳದ ಕೆಳಗೆ ಕೈ ತೊಳೆದುಕೊಂಡು ಬಂದಳು, ಉಗುರಿನ ಸಂದಿಯನ್ನೂ ಬಿಡದೆ. ಕೆನ್ನೆಯ ಮಣ್ಣು ಹಾಗೇ ಇತ್ತು.

ಉಳಿದವರ ತಂದೆ ತಾಯಿಯರು ಒಬ್ಬೊಬ್ಬರಾಗಿ ಬರತೊಡಗಿದ್ದರು. ಬೆಂಚಿನ ಮೇಲೆ ಎಲ್ಲಕ್ಕೂ ಚೀಟಿ ಇಟ್ಟಾಗಿತ್ತು, ಆ ಎತ್ತು ಒಂದನ್ನು ಬಿಟ್ಟು. ಪೆನ್ನು ಹಿಡಿದು ನಿಂತವಳು ಕೊನೆಗೆ ಅವಳನ್ನೇ ಕೇಳಿದೆ, "ಯಾರ ಹೆಸರ ಬರೀಲಿ ಬೇ?"

"ಅಪ್ಪಂದು ಬರೀರಿ" ಅಂದಳು. "ಅಂವನ ಮಾಡ್ಯಾನಲ್ರಿ."

ಬರೆದೆ. ಅವಳು ಅಕ್ಷರದ ಮೇಲೆ ಬೆರಳಿಟ್ಟು, ಒಂದೊಂದಾಗಿ, ಆ ಹೆಸರನ್ನು ತಪ್ಪಿಲ್ಲದೆ ಓದಿದಳು.