ಮಣ್ಣು ಕೊಟ್ಟ ಜಾಗದ ದಾಸವಾಳ

ಕಮಲಾಪುರದ ಹೊಲದ ಮೂಲೆಯಲ್ಲಿ ಅಕ್ಕನಿಗೆ ಮಣ್ಣು ಕೊಟ್ಟೆವು. ಆ ಜಾಗದಲ್ಲಿ ಅವಳ ಗಂಡ ಒಂದು ಕೆಂಪು ದಾಸವಾಳ ನೆಟ್ಟಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ನನ್ನೆತ್ತರ ಬೆಳೆಯಿತು. ಆಮೇಲೆ ಹೊಲ ಮಾರಾಟವಾಯಿತು. ಕೊಂಡವರು ಮೂಲೆಯನ್ನೂ ಸೇರಿಸಿ ಟ್ರ್ಯಾಕ್ಟರ್ ಹೊಡೆಯುತ್ತಾರೆಂದು ಗೊತ್ತಾಯಿತು. ಅಕ್ಕನದೆಂದು ಉಳಿದದ್ದು ಆ ಗಿಡ ಒಂದೇ. ಒಂದು ಕಡ್ಡಿಯನ್ನಾದರೂ ಬದುಕಿಸಲೇಬೇಕೆಂದು ಬಸ್ ಹತ್ತಿದೆ.

ನಮ್ಮಲ್ಲಿ ಮಣ್ಣು ಕೊಟ್ಟ ಜಾಗದಿಂದ ಹುಲ್ಲುಕಡ್ಡಿಯನ್ನೂ ಮನೆಗೆ ತರುವುದಿಲ್ಲ. ಚಪ್ಪಲಿಗೆ ಹತ್ತಿದ ಮಣ್ಣನ್ನು ಕೂಡ ಹೊರಗೇ ತೊಳೆದು ಒಳಗೆ ಬರುತ್ತೇವೆ. ನಾನು ಪೆನ್ಸಿಲ್ ದಪ್ಪದ ಕಡ್ಡಿಯೊಂದನ್ನು ಓರೆಯಾಗಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಊಟದ ಡಬ್ಬಿಯಲ್ಲಿಟ್ಟುಕೊಂಡು ಕಲಬುರಗಿಗೆ ತಂದೆ. ದಾರಿಯುದ್ದಕ್ಕೂ ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು. ಬಿಸಿಲಿಗೆ ಎಂದುಕೊಂಡೆ. ನಾನು ಕೂತಿದ್ದು ನೆರಳಿನ ಕಡೆಗೆ.

ಅಲ್ಲಿನ ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಅವ್ವ ನನ್ನ ಜೊತೆಗಿದ್ದಾಳೆ. ಅವಳ ಕಣ್ಣು ಮಂಜಾಗಿ ಬೆಳಕು, ನೆರಳಷ್ಟೇ ತಿಳಿಯುತ್ತದೆ.

"ಏನದು?" ಅಂದಳು.

"ರೋಜಾ ಓಣಿ ಕಡೆ ಗಿಡ ಮಾರಾಕತ್ತಿದ್ರು, ಒಂದು ತಂದೀನಿ," ಎಂದೆ.

ಕೆಳಗಿನ ಎಲೆ ಚಿವುಟಿ, ಬಾಗಿಲ ಹೊರಗಿನ ಕುಂಡಕ್ಕೆ ಉಸುಕು ಬೆರೆಸಿದ ಮಣ್ಣು ತುಂಬಿ ಕಡ್ಡಿ ಊರಿ, ತೇವ ಆರದಿರಲೆಂದು ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ ಮುಚ್ಚಿದೆ. ಬೆಳಿಗ್ಗೆ ಬಾಟಲಿಯ ಒಳಮೈ ಮಂಜು ಹಿಡಿದಿರುತ್ತಿತ್ತು. ಕನ್ನಡಿಗೆ ಬಾಯಿಟ್ಟು ಉಸಿರು ಬಿಟ್ಟರೆ ಆಗುತ್ತದಲ್ಲ, ಹಾಗೆ. ಗಿಡ ಉಸಿರಾಡುತ್ತದೆಂದು ಶಾಲೆಯಲ್ಲೇ ಕಲಿತಿದ್ದೆ. ಆದರೂ ಅದನ್ನು ಒರೆಸಲು ಕೈ ಹೋಗುತ್ತಿರಲಿಲ್ಲ.

ಮಧ್ಯಾಹ್ನ ಅವ್ವ ಕುಂಡದ ಹತ್ತಿರ ಕೂರಲು ಶುರುಮಾಡಿದಳು. ಮೆಲ್ಲಗೆ ಏನೋ ಮಾತಾಡುತ್ತಿದ್ದಳು. ನಾನು ಹೋದರೆ ಸುಮ್ಮನಾಗುತ್ತಿದ್ದಳು, ಇಬ್ಬರ ಮಾತಿನ ನಡುವೆ ಮೂರನೆಯವಳು ಬಂದಂತೆ.

ಚಿಗುರು ಬಂತು. ಬೇರಿಲ್ಲದ ಕಡ್ಡಿಯೂ ತನ್ನೊಳಗಿನ ರಸದಿಂದ ಚಿಗುರಿ, ಆಮೇಲೆ ಸಾಯುತ್ತದೆಂದು ನನಗೆ ಗೊತ್ತಿತ್ತು. ಸಹನೆ ನನ್ನ ಹತ್ತಿರ ಸುಳಿದದ್ದೇ ಇಲ್ಲ. ಅನ್ನ ಬೇಯುವಾಗ ಮುಚ್ಚಳ ತೆಗೆದು ನೋಡುತ್ತಿದ್ದರೆ ಅಕ್ಕ, "ಅನ್ನಕ್ಕ ನಾಚಿಕಿ ಬರ್ತದ, ಮುಚ್ಚು," ಎಂದು ಕಾಡಿಸುತ್ತಿದ್ದಳು. ದಿನಾ ಕಡ್ಡಿಯನ್ನು ಜಗ್ಗಿ ನೋಡುತ್ತಿದ್ದೆ. ದಿನಾ ಅದು ಸಡಿಲವಾಗಿ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಕಮಲಾಪುರದಿಂದ ಫೋನ್ ಬಂತು: ಮೂಲೆಯ ಗಿಡ ಕಿತ್ತು ಹಾಕಿದರಂತೆ. ಇದೂ ಹೋದರೆ ಅಕ್ಕ ಪೂರ್ತಿ ಹೋದಂತೆಯೇ ಎಂದು ಬಿಕ್ಕಿಬಿಕ್ಕಿ ಅತ್ತೆ.

ಮರುದಿನ ಸಂಜೆ ಜಗ್ಗಿದರೆ ಕಡ್ಡಿ ಬರಲಿಲ್ಲ. ಒಳಗಿನಿಂದ ಯಾರೋ ಬಿಗಿಯಾಗಿ ಹಿಡಿದುಕೊಂಡಂತಿತ್ತು. ಬೆರಳು ಸಡಿಲಿಸಿದೆ, ಅದು ತಾನೇ ಕೂದಲೆಳೆಯಷ್ಟು ಕೆಳಗೆ ಸರಿಯಿತು. ಆದರೂ ಇನ್ನೊಮ್ಮೆ ಕೈ ಹಾಕಿದೆ.

"ಜಗ್ಗಬ್ಯಾಡ. ಆಕಿಗಿ ನೋಯ್ತದ," ಎಂದಳು ಹಿಂದೆ ಹೊಸ್ತಿಲಲ್ಲಿ ಕೂತಿದ್ದ ಅವ್ವ.

ತಿರುಗಿ ನೋಡಿದೆ. ಅವ್ವ ಕುಂಡದ ಕಡೆ ಮುಖ ಮಾಡಿ ನಗುತ್ತಿದ್ದಳು. "ಅಷ್ಟು ದೂರದಿಂದ ಬಂದಾಳ. ಹೊರಗ ಯಾಕ ನಿಲ್ಸೀದಿ? ಒಳಗ ಕರ್ಕೊಂಡ್ ಬಾ."

ಅಕ್ಕ ಬೇಕೆಂದೇ ಅದನ್ನು ತಂದವಳು ನಾನು. ಈಗ ಕುಂಡ ಎತ್ತಲು ನನಗೆ ಧೈರ್ಯವಾಗಲಿಲ್ಲ. ಅವ್ವ ಗೋಡೆ ಹಿಡಿದು ಎದ್ದು, ಬರುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.