ನಾಲ್ಕು ಮಗ್ಗಗಳ ನಡುವೆ ಥರ್ಮೋಡೈನಮಿಕ್ಸ್

ವಿಜ್ಞಾನಕ್ಕೆ ನಿಶ್ಶಬ್ದ ಬೇಕು ಎಂದು ನಮ್ಮ ಫಿಸಿಕ್ಸ್ ಮೇಷ್ಟ್ರು ಬಿ.ಎಸ್ಸಿ. ಮೊದಲ ದಿನವೇ ಅಪ್ಪಣೆ ಕೊಡಿಸಿದರು. ಕ್ಲಾಸಿನಲ್ಲಿದ್ದ ನಾವೆಲ್ಲ ತಲೆಯಾಡಿಸಿದೆವು. ನಾನು ಮಿಕ್ಕವರಿಗಿಂತ ಸ್ವಲ್ಪ ಹೆಚ್ಚೇ ಆಡಿಸಿರಬೇಕು. ಏಕೆಂದರೆ ಅವರು ಹೇಳಿದ ಆ ಪದಾರ್ಥವನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ.

ನಮ್ಮ ಮನೆ ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರಲ್ಲಿದೆ. ಮನೆ ಎನ್ನುವುದು ಸೌಜನ್ಯದ ಮಾತು. ಅದು ನಾಲ್ಕು ವಿದ್ಯುತ್ ಮಗ್ಗಗಳು ವಾಸವಾಗಿರುವ ಕಟ್ಟಡ. ಅವುಗಳ ದಯೆಯಿಂದ ಹಿಂದಿನ ಎರಡು ಕೋಣೆಗಳಲ್ಲಿ ಅಪ್ಪ, ಅಮ್ಮ, ನಾನು ಇದ್ದೇವೆ. ನನ್ನ ತೊಟ್ಟಿಲು ಕಟ್ಟಿದ್ದು ಎರಡನೆಯ ಮಗ್ಗದ ಮಗ್ಗುಲಲ್ಲಂತೆ. ಲಾಳಿ ಅತ್ತಿಂದಿತ್ತ ಬಡಿಯುತ್ತಿರುವಷ್ಟು ಹೊತ್ತೂ ನಾನು ತಣ್ಣಗೆ ಮಲಗಿರುತ್ತಿದ್ದೆನಂತೆ. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ಕಿಟಾರನೆ ಕಿರುಚಿ ಏಳುತ್ತಿದ್ದೆನಂತೆ. ಈ ಸಂಗತಿಯನ್ನು ಅಮ್ಮ ಬಂದವರಿಗೆಲ್ಲ ಹೇಳುವುದುಂಟು, ಮಗಳ ಮೊದಲ ಪದವಿ ಎಂಬಂತೆ.

ಮಗ್ಗದ ಬೀದಿಯವರಿಗೆ ಮಾತು ಎರಡೇ ಬಗೆ. ಒಂದು, ಕೂಗುವುದು. ಇನ್ನೊಂದು, ದನಿಯೇ ಇಲ್ಲದೆ ಬರೀ ತುಟಿಯಲ್ಲಿ ಆಡುವುದು. ಮಗ್ಗ ನಡೆಯುವಾಗ ಕಿವಿಗೆ ಪುರುಸೊತ್ತಿರುವುದಿಲ್ಲವಾದ್ದರಿಂದ ಕಣ್ಣೇ ಕೇಳಿಸಿಕೊಳ್ಳುತ್ತದೆ. ಅಪ್ಪ ಆ ತುದಿಯಿಂದ ತುಟಿಯಲ್ಲಿ ಕಾಫಿ ಕೇಳುತ್ತಾರೆ, ಅಮ್ಮ ಈ ತುದಿಯಿಂದ ತುಟಿಯಲ್ಲೇ ಹಾಲಿಲ್ಲ ಎನ್ನುತ್ತಾಳೆ. ದೊಡ್ಡ ದೊಡ್ಡ ಜಗಳಗಳೂ ಹೀಗೇ ನಡೆದುಹೋಗಿವೆ. ಇವೆರಡರ ಮಧ್ಯೆ ಮಿಕ್ಕ ಲೋಕದವರು ಪಿಸುಮಾತು ಎಂಬುದೊಂದನ್ನು ಇಟ್ಟುಕೊಂಡಿದ್ದಾರೆ. ಅದು ನಮಗೆ ಬರುವುದಿಲ್ಲ.

ಬರುವುದಿಲ್ಲ ಎಂಬುದು ಎರಡನೆಯ ವರ್ಷದ ಇಂಟರ್ನಲ್ ಟೆಸ್ಟಿನಲ್ಲಿ ಸಾರ್ವಜನಿಕವಾಗಿ ಸಾಬೀತಾಯಿತು. ನನ್ನ ಬೆಂಚಿನ ಗೆಳತಿ ನಮ್ಮ ತಾಲ್ಲೂಕಿನದೇ ಹಳ್ಳಿ ಮಧುರೆಯ ಕಡೆಯ ರೈತರ ಮನೆಯವಳು. ಆಗತಾನೆ ಮಲಗಿದ ಕರುವಿನ ಪಕ್ಕದಲ್ಲಿ ನಿಂತವಳಂತೆ ಮಾತಾಡುವುದು ಅವಳ ಅಭ್ಯಾಸ. ಟೆಸ್ಟಿನ ಮಧ್ಯೆ ಅವಳು ನನ್ನ ಕಡೆ ತಿರುಗಿ ಬರೀ ತುಟಿ ಆಡಿಸಿದಳು: ‘ಮೂರನೇದು?’ ಅದು ನನಗೆ ಅಚ್ಚುಕಟ್ಟಾಗಿ ಕೇಳಿಸಿತು. ಉತ್ತರವನ್ನೂ ತುಟಿಯಲ್ಲೇ ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಅವಳು ಮಧುರೆಯವಳು, ತುಟಿ ಓದಲು ಬಾರದು ಎಂದು ಯೋಚಿಸಿ, ನನ್ನ ಬುದ್ಧಿಗೆ ತಿಳಿದಷ್ಟು ಮೆಲ್ಲಗೆ ಪಿಸುಗುಟ್ಟಿದೆ.

“ಮೂರ್ನೇದು ನಂಗೂ ಬರಲ್ಲ ಕಣೇ!”

ಇಡೀ ಕ್ಲಾಸು ಪೆನ್ನು ಕೆಳಗಿಟ್ಟಿತು. ಮೇಷ್ಟ್ರು ಬಾಗಿಲಿನಿಂದ ನಿಧಾನವಾಗಿ ತಿರುಗಿದರು.

“ಏನಮ್ಮಾ, ಮೂರನೇದು ನಿನಗೂ ಬರಲ್ವಾ? ಸರಿ, ನನಗೆ ಗೊತ್ತಾಯ್ತು. ಪಕ್ಕದ ರೂಮಿನ ಬಿ.ಕಾಂ.ನೋರ್ಗೂ ಗೊತ್ತಾಯ್ತು. ಬರೋದನ್ನ ಬರಿ.”

ಹೊರಗೆ ಬಂದ ಮೇಲೆ ಗೆಳತಿ ನನ್ನ ಮೇಲೆ ಬಿದ್ದಳು. “ಲೇ, ಪಿಸುಗುಟ್ಟೋದು ಅಂದ್ರೆ ಮೈಕ್ ಹಿಡ್ಕೊಂಡಂಗೆ ಕಿರಚ್ತೀಯಲ್ಲೇ!”

“ಪಿಸುಗುಟ್ಟಿದ್ದೇ ಅದು.”

“ಹಂಗಾದ್ರೆ ನೀನು ಕಿರಚೋದನ್ನ ನಾನು ಕೇಳೋದೇ ಬೇಡ ತಾಯಿ!”

ನಾನು ಓದುತ್ತಿದ್ದುದು ಮಗ್ಗಗಳ ನಡುವೆ, ನಡೆದಾಡುತ್ತ. ನನ್ನ ತಲೆಯಲ್ಲಿ ಪಾಠ ನಿಲ್ಲುತ್ತಿದ್ದುದು ಲಾಳಿಯ ಏಟಿಗೆ ಸೇರಿಕೊಂಡೇ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಮಗ್ಗ. ಮೊದಲನೆಯದರ ಪಕ್ಕ ಆಪ್ಟಿಕ್ಸ್, ಎರಡನೆಯದರ ಪಕ್ಕ ಎಲೆಕ್ಟ್ರಿಸಿಟಿ. ಮೂರನೆಯ ಮಗ್ಗ ಹಳೆಯದು. ನಡೆಯುವಾಗ ಅಲ್ಲಲ್ಲಿ ಒಂದು ಏಟು ತಪ್ಪಿ ಎಗರುತ್ತದೆ. ಕೊನೆಯ ವರ್ಷದ ಥರ್ಮೋಡೈನಮಿಕ್ಸ್ ಅದರ ಪಾಲಿಗೆ ಬಂತು. ಲೋಕದಲ್ಲಿ ಎಂಟ್ರೋಪಿ, ಅಂದರೆ ಅಸ್ತವ್ಯಸ್ತತೆ, ಹೆಚ್ಚುತ್ತಲೇ ಹೋಗುತ್ತದೆ, ತಾನಾಗಿ ಇಳಿಯುವುದಿಲ್ಲ ಎಂಬ ಘನವಾದ ಸತ್ಯವನ್ನು ಕಲಿಯಲು ಅದಕ್ಕಿಂತ ತಕ್ಕ ಜಾಗ ನಮ್ಮ ಮನೆಯಲ್ಲಿರಲಿಲ್ಲ.

ಹೀಗೆ ಕಲಿತವಳು ಪರೀಕ್ಷೆಗಳನ್ನು ಹೇಗೆ ದಾಟುತ್ತ ಬಂದಳು ಎಂದು ಕೇಳಬಹುದು. ನಮ್ಮ ಕಾಲೇಜಿನ ಹಳೆಯ ಪರೀಕ್ಷಾ ಹಾಲಿನ ಗೋಡೆಯಾಚೆಗೆ ಗ್ರಿಲ್ ಮಾಡುವ ಅಂಗಡಿಯಿತ್ತು. ಕಬ್ಬಿಣ ಕೊಯ್ಯುವ ಸದ್ದಿಗೆ ಮಿಕ್ಕವರು ಕಿವಿ ಮುಚ್ಚಿಕೊಂಡು ಬರೆಯುತ್ತಿದ್ದರು. ನಾನು ತವರಿಗೆ ಬಂದವಳಂತೆ ಬರೆಯುತ್ತಿದ್ದೆ. ಆದರೆ ಹುಡುಗರೆಲ್ಲ ದೂರು ಕೊಟ್ಟು ಕೊಟ್ಟು, ಕೊನೆಯ ಸೆಮಿಸ್ಟರಿಗೆ ಪರೀಕ್ಷೆಯನ್ನು ಹಿಂದುಗಡೆಯ ಹೊಸ ಕಟ್ಟಡಕ್ಕೆ ಸಾಗಿಸಿದರು. ಅಲ್ಲಿ ಫ್ಯಾನು ಕೂಡ ಸದ್ದು ಮಾಡುತ್ತಿರಲಿಲ್ಲ. ಗಣಿತ, ಕೆಮಿಸ್ಟ್ರಿ ಕೈಯಭ್ಯಾಸದ ಮೇಲೆ ದಾಟಿಹೋದವು. ಥರ್ಮೋಡೈನಮಿಕ್ಸ್ ದಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ತಲೆಯೊಳಗೆ ಕರೆಂಟು ಹೋದ ಬೀದಿಯಂಥ ಮೌನ. ಗೊತ್ತಿದ್ದ ಉತ್ತರಗಳೆಲ್ಲ ಕದ ಹಾಕಿಕೊಂಡು ಮಲಗಿದ್ದವು.

ಈ ವಿಷಯ ಅಮ್ಮನಿಗೆ ಗೊತ್ತಿರಲಿಲ್ಲ. ಪರೀಕ್ಷೆ ಮುಗಿದ ದಿನವೇ ಅವಳು ಬೀದಿಗೆಲ್ಲ ಮೈಸೂರುಪಾಕು ಹಂಚಿಬಿಟ್ಟಳು. “ನಮ್ಮ ಮಗಳ ಡಿಗ್ರಿ ಆಯ್ತು” ಎಂದು ಮನೆಮನೆಗೂ ಸಾರಿದಳು. ಪರೀಕ್ಷೆ ಮುಗಿಯುವುದೂ ಡಿಗ್ರಿ ಆಗುವುದೂ ಬೇರೆ ಬೇರೆ ಎಂದು ನಾನು ಹೇಳಿನೋಡಿದೆ. ಸೀರೆ ನೇಯ್ದು ಮುಗಿದರೆ ಸೀರೆ ಆದಂತೆಯೇ ಅಲ್ಲವೆ ಎಂಬುದು ಅವಳ ವಾದ.

ರಿಸಲ್ಟು ಮೊಬೈಲಿಗೆ ಬಂದಾಗ ನಾನು ಮಗ್ಗಗಳ ಮಧ್ಯೆಯೇ ಇದ್ದೆ. ಅಮ್ಮ ಬೀದಿ ಕಡೆಯ ಕಿಟಕಿಯ ಹತ್ತಿರ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಯಾರಿಗೂ ಕೇಳಿಸದಿರಲಿ ಎಂದು ಅವಳ ಮುಂದೆ ನಿಂತು ಬರೀ ತುಟಿಯಲ್ಲಿ ಹೇಳಿದೆ: ‘ಒಂದ್ರಲ್ಲಿ ಹೋಗ್ಬಿಟ್ಟಿದೆ.’ ಅಮ್ಮನ ಕೈಯ ನೂಲು ಪಟ್ಟನೆ ಹರಿಯಿತು. ಅವಳೂ ತುಟಿಯಲ್ಲೇ ಅಂದಳು: ‘ಯಾರಿಗೂ ಹೇಳ್ಬೇಡ.’

ಎದುರುಮನೆಯ ದೊಡ್ಡಮ್ಮ ತಮ್ಮ ಕಿಟಕಿಯಲ್ಲಿ ಕೂತು ನಮ್ಮ ಕಿಟಕಿಯನ್ನೇ ನೋಡುತ್ತಿದ್ದರು. ಅವರೂ ಹುಟ್ಟಿದಾಗಿನಿಂದ ಮಗ್ಗದ ಮನೆಯವರೇ.

“ಯಾವುದ್ರಲ್ಲಿ ಹೋಯ್ತವ್ವಾ?” ಎಂದು ಅಲ್ಲಿಂದಲೇ ಕೂಗಿದರು. ಎರಡೂ ಮನೆಯ ಎಂಟು ಮಗ್ಗಗಳ ಮೇಲಿಂದ ಆ ಪ್ರಶ್ನೆ ಬೀದಿಯ ಕೊನೆಯವರೆಗೂ ಹೋಯಿತು.

ಅಮ್ಮ ಆಮೇಲೆ ಸುಮಾರು ದಿನ ಹಾಲಿಗೆ ಹಿಂದಿನ ಗಲ್ಲಿಯಿಂದಲೇ ಹೋಗಿಬಂದಳು. ತಿಂದವರು ಯಾರೂ ಅವಳನ್ನು ಆಡಿಕೊಳ್ಳಲಿಲ್ಲ; “ಮೈಸೂರ್‌ಪಾಕು ಚೆನ್ನಾಗಿತ್ತು ಕಣಮ್ಮಾ” ಎಂದಷ್ಟೇ ಅನ್ನುತ್ತಿದ್ದರು. ಅದು ಅವಳಿಗೆ ಆಡಿಕೊಳ್ಳುವುದಕ್ಕಿಂತ ಹೆಚ್ಚು ನಾಟುತ್ತಿತ್ತು. ಅಪ್ಪ ಮಾತ್ರ ಒಂದೇ ಮಾತು ಹೇಳಿದರು. “ಸೆರಗು ನೇಯದೇನೇ ಸೀರೆ ಮಗ್ಗದಿಂದ ಇಳಿಸ್ದಂಗಾಯ್ತು. ಸೆರಗು ಮುಗ್ಸಮ್ಮಾ.”

ಮುಗಿಸಲೇಬೇಕಿತ್ತು. ಆ ಪೇಪರು ಆಗದೆ ಡಿಗ್ರಿಯಿಲ್ಲ, ಡಿಗ್ರಿಯಿಲ್ಲದೆ ಬಿ.ಎಡ್. ಇಲ್ಲ. ನನಗೋ ಮೇಷ್ಟ್ರಾಗಬೇಕೆಂಬ ಆಸೆ. ಕೊನೆಯ ಬೆಂಚಿನವರೆಗೂ ಕೇಳುವಂತೆ ಪಾಠ ಹೇಳುವ ಅರ್ಹತೆಯೊಂದಂತೂ ನನಗೆ ಹುಟ್ಟಿನಿಂದಲೇ ಬಂದಿತ್ತು; ಉಳಿದದ್ದನ್ನು ಯೂನಿವರ್ಸಿಟಿ ದಯಪಾಲಿಸಬೇಕಿತ್ತು.

ಸಪ್ಲಿಮೆಂಟರಿಗೆ ಮುಂಚೆ ಗೆಳತಿ ನನ್ನ ಚಿಕಿತ್ಸೆಯನ್ನು ವಹಿಸಿಕೊಂಡಳು. ಅವಳದು ಎಲ್ಲ ಪೇಪರೂ ಆಗಿತ್ತು. “ನಿಂಗೆ ನಿಶ್ಶಬ್ದ ರೂಢಿ ಆಗ್ಬೇಕು ಕಣೇ. ನಮ್ಮೂರಿಗೆ ಬಾ, ನಾಲ್ಕು ದಿನ ಇದ್ದು ಓದು” ಎಂದು ಎಳೆದುಕೊಂಡು ಹೋದಳು. ಅವರ ಮನೆಯ ಹಿಂದೆ ರಾಗಿ ಹೊಲ, ಹೊಲದ ಅಂಚಿಗೆ ಹುಣಸೆಮರ, ಮರದ ಕೆಳಗೆ ಹಗ್ಗದ ಮಂಚ. ಋಷಿಗಳಿಗೆ ಹೇಳಿ ಮಾಡಿಸಿದ ಜಾಗ. ಪುಸ್ತಕ ತೆರೆದೆ. ಕಣ್ಣು ಬಿಟ್ಟಾಗ ಪುಸ್ತಕ ನೆಲದಲ್ಲಿತ್ತು, ಗೆಳತಿಯ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಇದೇನೇ, ನಿನ್ ಫ್ರೆಂಡು ಓದಕ್ಕೆ ಬಂದವ್ಳೋ ಬಾಣಂತನಕ್ಕೆ ಬಂದವ್ಳೋ?”

“ಸದ್ದಿಲ್ದಿದ್ರೆ ಅವ್ಳಿಗೆ ಓದಕ್ಕಾಗಲ್ವಂತೆ ಅಜ್ಜಿ.”

“ಸದ್ದು ಸಾಲ್ದಾ? ಅದಕ್ಯಾಕ್ ಯೋಚ್ನೆ, ನಿಮ್ ತಾತನ ಪಕ್ಕ ಮಲಗ್ಸು. ಗೊರಕೆ ಕೇಳ್ಕೊಂಡು ಓದ್ಕೊಳ್ಲಿ.”

ಗೊರಕೆಯ ಅಗತ್ಯ ಬೀಳಲಿಲ್ಲ. ಸಂಜೆ ಊರೊಳಗೆ ರಾಗಿ ಮಿಷನ್ ಶುರುವಾದ ಸದ್ದು ಕೇಳಿಸಿತು. ಗೆಳತಿ ತಡೆಯುವಷ್ಟರಲ್ಲಿ ನಾನು ಪುಸ್ತಕದ ಸಮೇತ ಅಲ್ಲಿ ಹಾಜರಾಗಿದ್ದೆ. ಗೋಡೆಗೊರಗಿ, ತುಟಿಯಾಡಿಸುತ್ತ, ಎರಡನೆಯ ನಿಯಮವನ್ನು ಪೂರ್ತಿ ಒಪ್ಪಿಸಿದೆ. ಹಿಟ್ಟು ಬೀಸುವವರು ನನ್ನನ್ನೇ ಎರಡು ಸಲ ನೋಡಿ, ಕೊನೆಗೆ ಕೂಗಿ ಕೇಳಿದರು:

“ಏನವ್ವಾ ನಿಂದು, ರಾಗಿನಾ ಗೋಧಿನಾ?”

“ಎಂಟ್ರೋಪಿ!” ಎಂದೆ.

“ಅದ್ನ ಇಲ್ಲಿ ಬೀಸಲ್ಲ. ದೊಡ್ಡಬಳ್ಳಾಪುರಕ್ಕೆ ತಗೊಂಡೋಗು.”

ನಾಲ್ಕು ದಿನದ ವ್ರತವನ್ನು ಎರಡೇ ದಿನಕ್ಕೆ ಮುಗಿಸಿ, ಕೂದಲಲ್ಲಿ ಹಿಟ್ಟು ತುಂಬಿಕೊಂಡು ಊರಿಗೆ ಬಂದೆ. ಬೀಳ್ಕೊಡುವಾಗ ಗೆಳತಿ ಕೈ ಮುಗಿದಳು. “ಗುರು, ನಿಂಗೆ ಎಕ್ಸಾಮ್ ಹಾಲಲ್ಲಿ ಮಗ್ಗ ಹಾಕ್ಸ್ಕೊಡಕ್ಕೆ ನನ್ ಕೈಲಾಗಲ್ಲ. ಉಳಿದಿದ್ದು ದೇವ್ರಿಗೆ ಬಿಟ್ಟಿದ್ದು.”

ಪರೀಕ್ಷೆಯ ದಿನ ಮತ್ತೆ ಅದೇ ಹೊಸ ಕಟ್ಟಡ, ಅದೇ ಸದ್ದಿಲ್ಲದ ಫ್ಯಾನು. ಮೊದಲ ಪ್ರಶ್ನೆ ನೋಡಿದೆ. ಮಗ್ಗದ ಮಗ್ಗುಲಲ್ಲಿ ದಿನಾ ಕಂಡ ಮುಖ, ಹೆಸರು ಮಾತ್ರ ಬರುತ್ತಿಲ್ಲ. ಮೆಲ್ಲಗೆ ಪಾದದಲ್ಲಿ ತಾಳ ಹಾಕಿದೆ. ಮುಂದಿನ ಹುಡುಗಿ ತಿರುಗಿ ಗುರಾಯಿಸಿದಳು. ತಾಳ ಬಿಟ್ಟು ತುಟಿಯಾಡಿಸಿದೆ. ಅದು ಮೇಲ್ವಿಚಾರಕರ ಕಣ್ಣಿಗೆ ಬಿತ್ತು. ಅವರು ಕಾಮರ್ಸ್ ವಿಭಾಗದವರು, ತುಂಬ ನೇಮದ ಮನುಷ್ಯ. ಬಂದು ನನ್ನ ಡೆಸ್ಕಿನ ಮುಂದೆಯೇ ನಿಂತರು.

“ಯಾರಿಗಮ್ಮಾ ಹೇಳ್ಕೊಡ್ತಾ ಇದೀಯ?”

“ಯಾರಿಗೂ ಇಲ್ಲ ಸಾರ್. ನಂಗೇ.”

ನನ್ನ ದನಿಗೆ ಹಾಲಿನ ಅಷ್ಟೂ ತಲೆಗಳು ಮೇಲೆದ್ದವು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. “ಸರಿ ಸರಿ, ಬಾಯಿ ಮುಚ್ಕೊಂಡು ಹೇಳ್ಕೊ.”

ಬಾಯಿ ಮುಚ್ಚಿದ ಮೇಲೆ ಇದ್ದ ಅಷ್ಟಿಷ್ಟೂ ಹೋಯಿತು. ಹೊತ್ತು ಜಾರುತ್ತಿತ್ತು, ಹಾಳೆ ಬೆಳ್ಳಗಿತ್ತು. ಈ ಸಲ ಹೋದರೆ ಅಮ್ಮ ಹಿಂದಿನ ಗಲ್ಲಿಯಲ್ಲೇ ಕಾಲ ಹಾಕಬೇಕಾದೀತು ಎಂದು ಲೆಕ್ಕ ಹಾಕುತ್ತ ಕೂತಿದ್ದೆ. ಆಗ ಕರೆಂಟು ಹೋಯಿತು.

ಫ್ಯಾನು ನಿಂತಿತು. ಇದ್ದ ಮೌನದ ಮೇಲೆ ಇನ್ನೊಂದು ಪದರ ಮೌನ ಬಿತ್ತು. ಕರೆಂಟು ಹೋದಾಗ ಕಿರುಚುವುದು ನನ್ನ ಬಾಲ್ಯದ ಅಭ್ಯಾಸವೆಂದು ಮೊದಲೇ ಹೇಳಿದ್ದೇನೆ. ಆ ಕ್ಷಣದಲ್ಲಿ ಅದು ಗಂಟಲವರೆಗೂ ಬಂದಿತ್ತು. ಆದರೆ ಪರೀಕ್ಷೆ ನಡೆಯುವಾಗ ಸಿಸಿ ಕ್ಯಾಮೆರಾಗಳು ನಿಲ್ಲಬಾರದೆಂಬುದು ನಿಯಮ. ಹಿಂದುಗಡೆಯ ಕಿಟಕಿಯ ಆಚೆ ಅಟೆಂಡರ್ ಓಡಿದ ಸದ್ದು, ಆಮೇಲೆ ಒಂದು ಕೆಮ್ಮು, ಇನ್ನೊಂದು ಕೆಮ್ಮು. ಹಳೆಯ ಜನರೇಟರು ಇಡೀ ಕಟ್ಟಡವನ್ನು ನಡುಗಿಸುತ್ತ ಹೊರಟಿತು.

ಸುತ್ತ ಎಲ್ಲರೂ “ಅಯ್ಯೋ” ಎಂದು ಕಿವಿಗೆ ಕೈಯಿಟ್ಟರು. ಯಾರೋ “ಸಾರ್, ಕಿಟಕಿ ಹಾಕ್ಸಿ ಸಾರ್” ಎಂದು ಬೇಡಿಕೊಂಡರು. ಸೆಖೆಗೆ ಹೆದರಿ ಮೇಷ್ಟ್ರು ಒಪ್ಪಲಿಲ್ಲ; ಅವರಿಗೆ ಪುಣ್ಯ ಬರಲಿ. ನನ್ನ ಪೆನ್ನು ತಾನಾಗಿ ಹೊರಟಿತ್ತು. ಮೊದಲನೆಯ ನಿಯಮ, ಎರಡನೆಯ ನಿಯಮ, ಉಷ್ಣಯಂತ್ರದ ದಕ್ಷತೆ, ಎಲ್ಲವೂ ಹಾಸುನೂಲಿನ ನಡುವೆ ಹೊಕ್ಕುನೂಲು ಬಿದ್ದ ಹಾಗೆ ಸಾಲಾಗಿ ಬಂದವು. ಒಂದೇ ಕೊರತೆ. ಜನರೇಟರು ಎಡೆಬಿಡದೆ ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಅದರಲ್ಲಿ ಮೂರನೆಯ ಮಗ್ಗದ ಎಗರು ಇರಲಿಲ್ಲ. ಎಂಟ್ರೋಪಿಯ ಕೊನೆಯ ಸಮೀಕರಣವನ್ನು ನಾನು ಕಲಿತದ್ದು ಆ ಎಗರಿನ ಜಾಗದಲ್ಲೇ. ಅದು ಅರ್ಧಕ್ಕೇ ನಿಂತಿತು.

ರಿಸಲ್ಟು ಬಂದ ದಿನವೂ ಮಗ್ಗಗಳು ನಡೆಯುತ್ತಿದ್ದವು. ನಾನು ಮೊಬೈಲು ಹಿಡಿದು ಅಮ್ಮನ ಕಡೆ ಹೊರಟದ್ದನ್ನು ಕಂಡು ಅವಳು ಗಡಬಡಿಸಿ ಎದ್ದು ಕಿಟಕಿ ಮುಚ್ಚಿದಳು. ಅಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕರೆಂಟು ಇರುವಾಗ ಅವರು ಮಗ್ಗ ನಿಲ್ಲಿಸಿದ್ದನ್ನು ನಾನು ಕಂಡವಳಲ್ಲ. ಅಂದು ನಾಲ್ಕೂ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದರು.

“ಈ ಸಲ ಬಾಯ್ಬಿಟ್ಟು ಹೇಳ್ಲಿ. ನನ್ ಕಿವೀಲಿ ಕೇಳ್ಬೇಕು.”

ಮನೆ ಗಪ್‌ಚಿಪ್ಪಾಯಿತು. ಬೀದಿಯಲ್ಲಿ ಯಾರೋ “ಅವ್ರ ಮನೇಲಿ ಕರೆಂಟ್ ಹೋಯ್ತಾ?” ಎಂದರು. ಅಪ್ಪ ನನ್ನನ್ನು ನೋಡಿದರು, ಅಮ್ಮ ನನ್ನನ್ನು ನೋಡಿದಳು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಹೇಳಬೇಕಾಗಿದ್ದ ಮಾತೇ ಎತ್ತಲೋ ಹೋಗಿತ್ತು.

“ಹೇಳಮ್ಮಾ” ಎಂದರು ಅಪ್ಪ.

ನನ್ನ ಮೌನ ನೋಡಿ ಅಮ್ಮನ ಮುಖ ಬಾಡುತ್ತ ಬಂತು. ಬಾಡಿ ಮುಗಿಯುವಷ್ಟರಲ್ಲಿ ಅವಳಿಗೇ ಏನೋ ಹೊಳೆಯಿತು.

“ಅಯ್ಯೋ, ಮಗ್ಗ ಹಾಕ್ರೀ! ಸದ್ದಿಲ್ದೆ ಅವ್ಳಿಗೆ ಏನ್ ಬರುತ್ತೆ?”

ಅಪ್ಪ ಹಾಕಿದರು. ಒಂದು, ಎರಡು, ನಾಲ್ಕು. ಕೊನೆಗೆ ಗೊಣಗುತ್ತ ಮೂರನೆಯದು. ನಾನು ತುಟಿಯಾಡಿಸಿದೆ: ‘ಪಾಸು.’ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತಾನೇ ಮುಚ್ಚಿದ್ದ ಕಿಟಕಿಯನ್ನು ದಢಾರನೆ ತೆಗೆದು, ಎದುರುಮನೆಗೆ ಕಾಣುವ ಹಾಗೆ ನನ್ನ ಗಲ್ಲ ಹಿಡಿದು ಆ ಕಡೆ ತಿರುಗಿಸಿದಳು. “ಇನ್ನೊಂದ್ಸಲ ಹೇಳು” ಎಂದಳು. ಹೇಳಿದೆ.

“ಪಾಸಂತೆ ಕಣ್ರೇ!” ಎಂದು ದೊಡ್ಡಮ್ಮ ಬೀದಿಗೆ ಸಾರಿದರು. ಸಾರಿ ಮುಗಿಸಿ ಅಮ್ಮನ ಕಡೆ ತಿರುಗಿದರು. “ಎಲ್ಲಿ ಮೈಸೂರ್‌ಪಾಕು?”

“ಅವತ್ತೇ ತಿಂದ್ರಲ್ಲಾ!”

“ಅದು ಫೇಲಾಗಿದ್ದಕ್ಕೆ. ಇದಕ್ಕೆ ಬೇರೆ ತರ್ಸು.”

ಅಮ್ಮ ವಾದ ಮಾಡಲಿಲ್ಲ. ಅಪ್ಪ ಅಂಗಿ ಹಾಕಿಕೊಂಡು ಸ್ವೀಟ್ ಅಂಗಡಿಗೆ ಹೊರಟರು. ಅವರು ಬರುವವರೆಗೆ ಮಗ್ಗ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಮೂರನೆಯದರ ಪಕ್ಕ ನಿಂತೆ. ಅದು ಒಂದು ಏಟು ತಪ್ಪಿ ಎಗರಿತು. ಪರೀಕ್ಷೆಯಲ್ಲಿ ಅರ್ಧಕ್ಕೆ ನಿಂತಿದ್ದ ಸಮೀಕರಣದ ಉಳಿದರ್ಧ ಥಟ್ಟನೆ ನೆನಪಿಗೆ ಬಂತು. ದೊಡ್ಡಮ್ಮ ಕಿಟಕಿಯಲ್ಲೇ ಇದ್ದರು, ಅವರಿಗೆ ಒಪ್ಪಿಸಿದೆ.