ಕೂಸಿನ ಕಣ್ಣಿನೊಳಗಿನ ಬಳ್ಳಿ

ಮಂಗಳವಾರ ಮುಂಜಾನೆ ಹತ್ತು ಗಂಟೆಗೆ ನಾನು, ನನ್ನ ಮಗಳು ಭಾಗ್ಯಾ, ಅವಳ ಎರಡೂವರೆ ತಿಂಗಳ ಹೆಣ್ಣುಕೂಸು, ಮೂವರೂ ಮಲಾಡಿನ ಚಾಳಿನಿಂದ ಹೊರಬಿದ್ದೆವು. ಹೋಗಬೇಕಾದದ್ದು ಫೋರ್ಟ್ ಕಡೆಯ ದೊಡ್ಡ ಕಣ್ಣಿನಾಸ್ಪತ್ರೆಗೆ. ಕೂಸಿನ ಕಣ್ಣಿಗೆ ಲೇಸರ್ ಮಾಡಬೇಕೋ ಬೇಡವೋ ಎಂಬುದನ್ನು ಡಾಕ್ಟರು ಅಂದು ಹೇಳುವವರಿದ್ದರು. ಹೊತ್ತಿಗೆ ಸರಿಯಾಗಿ ನೋಡದಿದ್ದರೆ ಕಣ್ಣೇ ಹೋಗಬಹುದು ಎಂದಿದ್ದರು. ಆ ಮಾತು ಹದಿನೈದು ದಿನದಿಂದ ನಮ್ಮ ಜೊತೆಗೇ ಉಣ್ಣುತ್ತಿತ್ತು, ನಮ್ಮ ಜೊತೆಗೇ ಮಲಗುತ್ತಿತ್ತು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಮೂವತ್ತು ವರ್ಷ ವಿಜಯಪುರದ ಕಡೆ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿದವಳು. ಊರಿಗೆ ಹೋಗಿ ಬಾಯಿಂದ ಹೇಳಲು ಹೊರಟರೆ ಖುಷಿಯಲ್ಲಿ ಅರ್ಧ ಮರೆತುಬಿಡುತ್ತೇನೆ. ಅದಕ್ಕೇ ನನ್ನ ತೋಟದ ಗೆಳತಿಯರಿಗೆಂದು ಬರೆದಿಡುತ್ತಿದ್ದೇನೆ.

ಹೊಸ್ತಿಲಲ್ಲೇ ಪಕ್ಕದ ಖೋಲಿಯ ಗಂಗವ್ವ ತಡೆದಳು. "ಮಂಗಳವಾರ ಹಸುಗೂಸನ್ನ ಹೊರಗ ತಗೀತಾರೇನ ಯಕ್ಕಾ? ನಾಳಿಗಿ ಹೋಗ್ರಿ."

"ಕಣ್ಣಿಗಿ ಮಂಗಳವಾರ ಬುಧವಾರ ಗೊತ್ತಿಲ್ಲ ಗಂಗವ್ವಾ. ಒಂದ ದಿನಾನೂ ತಪ್ಪಿಸಬ್ಯಾಡ್ರಿ ಅಂದಾರ" ಎಂದು ನಡೆದೇಬಿಟ್ಟೆ. ಅಳಿಯ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದ. ಕೂಸು ಹುಟ್ಟಿದಾಗಿನಿಂದ ಹಾಕಿದ ರಜೆಗೆ ಕೂಲಿಯಾಳುಗಳ ಮೇಸ್ತ್ರಿ ಮುಕಾದಮ ಈಗಾಗಲೇ ಗುರುಗುಡುತ್ತಿದ್ದ.

ಸ್ಟೇಷನ್ನಿಗೆ ಆಟೋ ಇಪ್ಪತ್ತಾರು ರೂಪಾಯಿ. ಚರ್ಚ್‌ಗೇಟಿಗೆ ಟಿಕೀಟು ತಲಾ ಹದಿನೈದು. ಗದ್ದಲ ಇಳಿಯಲೆಂದೇ ತಡವಾಗಿ ಹೊರಟಿದ್ದರೂ ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಭಾಗ್ಯಾಳ ತೋಳಿನಲ್ಲಿ ಕೂಸು ಕಂಡದ್ದೇ ತಡ, ಮೂವರು ಹೆಣ್ಣುಮಕ್ಕಳು ಒಮ್ಮೆಗೇ ಎದ್ದರು. ಉಪಕಾರ ಮಾಡಿದೆವೆಂಬ ಮುಖವಿಲ್ಲ, ಮಾತಿಲ್ಲ. ಎದ್ದವರು ಮೊಬೈಲ್ ನೋಡುತ್ತ ನಿಂತರು. ಈ ಊರು ಹೀಗೇ, ಒಳ್ಳೆಯದನ್ನು ಅವಸರದಲ್ಲೇ ಮಾಡುತ್ತದೆ.

ಅಂಧೇರಿಯಲ್ಲಿ ಕೂದಲಿನ ಕ್ಲಿಪ್ಪು ಮಾರುವ ಹೆಂಗಸೊಬ್ಬಳು ಹತ್ತಿದಳು. ನಮ್ಮ ಮಾತು ಕಿವಿಗೆ ಬಿದ್ದು ಹತ್ತಿರ ಬಂದಳು. "ಯಾವೂರವ್ರೀ? ನಮ್ದು ಕಲಬುರಗಿ ಕಡಿ." ಕೂಸಿನ ಮುಖ ನೋಡಿ ಭಾಗ್ಯಾಳಿಗೆ, "ದಿನಾ ತುಂಬೂದಕ್ಕಿಂತ ಮದಲೇ ಹುಟ್ಯದ ಏನ್? ಬಸರಿದ್ದಾಗ ಲೋಕಲ್‌ದಾಗ ಓಡ್ಯಾಡಿರಬೇಕು ನೀ" ಎಂದಳು.

ಭಾಗ್ಯಾಳ ಮುಖ ಬಾಡಿತು. ಅವಳು ಏಳನೇ ತಿಂಗಳವರೆಗೂ ಇದೇ ಲೋಕಲ್‌ನಲ್ಲಿ ಗಾರ್ಮೆಂಟ್ ಕೆಲಸಕ್ಕೆ ಹೋದವಳು.

"ನೀ ಬಸರಿದ್ದಾಗ ಪಲ್ಲಕ್ಕಿಯೊಳಗ ಕೂತ ಕ್ಲಿಪ್ಪ ಮಾರಿದೇನವಾ?" ಎಂದು ಕೇಳಿದೆ.

ಆಕೆ ಗಹಗಹಿಸಿ ನಕ್ಕಳು. "ಇಲ್ರೀ ಯವ್ವಾ, ಇದೇ ಡಬ್ಬ್ಯಾಗ!" ಒಂದು ಹಳದಿ ಕ್ಲಿಪ್ಪು ಆರಿಸಿ ಭಾಗ್ಯಾಳ ಕೈಯಲ್ಲಿಟ್ಟು, "ಕೂಸಿಗಿ" ಎಂದು ದಾದರಿನಲ್ಲಿ ಇಳಿದುಹೋದಳು. ಕೂಸಿಗೆ ಇನ್ನೂ ಕೂದಲೇ ಇಲ್ಲ.

ಬಸುರಿ ಭಾಗ್ಯಾಳಿಗೆ ಏಳನೇ ತಿಂಗಳಲ್ಲಿ ಕುಬಸದ ಸೀಮಂತ ಮಾಡಿ ಊರಿಗೆ ಕರೆದೊಯ್ಯಲು ಹಸಿರು ಸೀರೆ, ಹಸಿರು ಬಳೆ ತೆಗೆದಿಟ್ಟಿದ್ದೆ. ಕೂಸು ಅದಕ್ಕೆ ಕಾಯಲಿಲ್ಲ. ಹುಟ್ಟಿದಾಗ ತೂಕ ಒಂದು ಕಿಲೋ ಮುನ್ನೂರು ಗ್ರಾಂ. ಸೀರೆಯ ಗಂಟಿನ ಸಮೇತ ರೈಲು ಹತ್ತಿ ಬಂದವಳು ಹೆರಿಗೆ ಆಸ್ಪತ್ರೆಯಲ್ಲಿ ಕೂಸನ್ನಿಟ್ಟ ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ಮೂಗಿಗೆ ಆಮ್ಲಜನಕದ ನಳಿಗೆ, ಪಾದಕ್ಕೆ ಕೆಂಪಗೆ ಮಿನುಗುವ ದೀಪದ ತಂತಿ. "ಸಿಸ್ಟರ್, ಗಾಳಿ ಇನ್ನಾ ಜರಾ ಜಾಸ್ತಿ ಬಿಡ್ರಿ" ಎಂದು ಕೈಮುಗಿದೆ. ಆಕೆ ಯಂತ್ರದ ಅಂಕಿ ತೋರಿಸಿ, "ಜಾಸ್ತಿ ನಹೀ ಮೌಸೀ, ಜಿತನಾ ಚಾಹಿಯೇ ಉತನಾ ಹೀ" ಎಂದಳು. ಎಷ್ಟು ಬೇಕೋ ಅಷ್ಟೇ ಅಂತೆ. ಎಂಥ ಜಿಪುಣಿ ಎಂದು ಮನಸ್ಸಿನಲ್ಲೇ ಬೈದೆ. ಪುಣ್ಯಾತಗಿತ್ತಿ, ಅವಳ ಪಾದಕ್ಕೆ ನಾನು ಬೀಳಬೇಕಿತ್ತು.

ಚರ್ಚ್‌ಗೇಟಿನಿಂದ ಟ್ಯಾಕ್ಸಿ. ಫೆಬ್ರವರಿಯಲ್ಲೇ ಬಿಸಿಲು ಚುರುಗುಟ್ಟುತ್ತಿತ್ತು. ಆಸ್ಪತ್ರೆಯಲ್ಲಿ ಕೂಸಿನ ಕಣ್ಣಿಗೆ ಹತ್ತು ಹತ್ತು ನಿಮಿಷಕ್ಕೊಮ್ಮೆ ಹನಿ ಹಾಕಿದರು. ಕಣ್ಣಿನ ಕರಿಗುಡ್ಡೆಯ ಬಾಗಿಲು ಅಗಲವಾಗಬೇಕಂತೆ, ಡಾಕ್ಟರು ಒಳಗೆ ಇಣುಕಬೇಕಲ್ಲ. ಹೊಟ್ಟೆಯಲ್ಲಿದ್ದ ಹಾಲು ಕಕ್ಕಬಾರದೆಂದು ಮೊಲೆಯನ್ನೂ ತಡೆದಿದ್ದರು. ಕೂಸು ಚೀರಿತು. ಆ ಸಾಲಿನಲ್ಲಿ ಅಂಗೈಯಗಲದ ಇನ್ನೂ ಎಂಟು ಕೂಸುಗಳಿದ್ದವು, ಎಂಟೂ ಚೀರುತ್ತಿದ್ದವು. ನನಗೆ ಅದು ಹಬ್ಬದ ವಾಲಗದಂತೆ ಕೇಳಿತು. ಒಂದು ಕಾಲಕ್ಕೆ ಇಂಥವು ಅಳುವ ಮೊದಲೇ ಹೋಗುತ್ತಿದ್ದವು.

ನಮ್ಮ ಡಾಕ್ಟರಮ್ಮ ಮಾಟುಂಗದಲ್ಲಿ ಬೆಳೆದವರು, ಮನೆಯವರು ಉಡುಪಿ ಕಡೆಯವರು. ಕನ್ನಡ ತಡವರಿಸುತ್ತಾರೆ, ಆದರೆ ಬಿಡುವುದಿಲ್ಲ. ಹಿಂದಿನ ಸಲ ಅವರೇ ತಿಳಿಸಿ ಹೇಳಿದ್ದರು. "ಕಣ್ಣಿನ ಹಿಂದೆ ಒಂದು ಪರದೆ ಉಂಟು ಅಮ್ಮ. ರಕ್ತದ ನಾಳ ನಡುವಿನಿಂದ ಹೊರಟು ಅಂಚಿಗೆ ಹೋಗಬೇಕು. ಒಂಬತ್ತು ತಿಂಗಳು ತುಂಬುವಾಗ ಮುಟ್ತದೆ. ಇವಳು ಬೇಗ ಬಂದಳು, ನಾಳ ಅರ್ಧದಲ್ಲೇ ನಿಂತಿದೆ."

"ಬಳ್ಳಿ ಇನ್ನಾ ಚಪ್ಪರದ ಅಂಚ ಮುಟ್ಟಿಲ್ಲ ಅನ್ರಿ."

"ಅದೇ! ಕರೆಕ್ಟ್!"

ಬೇಗ ಹುಟ್ಟಿದಷ್ಟೂ, ತೂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು ಎಂದರು. ಬಹಳ ದಿನ ಆಮ್ಲಜನಕ ಬೇಕಾದ ಕೂಸು, ನಂಜು ಏರಿದ ಕೂಸು, ರಕ್ತ ಹಾಕಿಸಿಕೊಂಡ ಕೂಸು, ತೂಕ ನಿಧಾನ ಏರುವ ಕೂಸು, ಇವನ್ನೂ ಬಿಡದೆ ನೋಡಬೇಕಂತೆ. ಆಮ್ಲಜನಕ ಅಳತೆ ಮೀರಿದರೆ ಬಳ್ಳಿ ಮೊದಲು ನಿಂತೇಬಿಡುತ್ತದೆ, ಆಮೇಲೆ ದಿಕ್ಕು ತಪ್ಪಿ ಚಿಗುರುತ್ತದೆ. ಆ ಸಿಸ್ಟರ್ ಜಿಪುಣಿಯಲ್ಲ, ಬೇರು ನೋಡಿ ಹನಿಹನಿ ನೀರು ಬಿಡುವ ಜಾಣೆ ಎಂದು ನನಗೆ ತಿಳಿದದ್ದು ಅಂದೇ.

"ಹುಚ್ಚ ಕುಡಿ ಹೊಡದ್ರ ಚಾಟ್ನಿ ಮಾಡ್ತೀರೇನ್ರೀ?" ಎಂದು ಕೇಳಿದ್ದೆ.

ಡಾಕ್ಟರಮ್ಮ ಕಣ್ಣು ಕಣ್ಣು ಬಿಟ್ಟರು. "ಚಟ್ನಿಯಾ? ಕಣ್ಣಿಗೆ?"

"ಚಟ್ನಿ ಅಲ್ರೀ ಡಾಕ್ಟರಬಾಯಿ, ಚಾಟ್ನಿ! ಕತ್ತರಿ ಹಿಡದ ಬಳ್ಳಿ ಕಡಿಯೂದು!" ಭಾಗ್ಯಾ ನಾಚಿ ಸೆರಗು ಕಚ್ಚಿದಳು. ಡಾಕ್ಟರಮ್ಮ ಮೇಜು ಹಿಡಿದು ನಕ್ಕರು. ಆಮೇಲೆ, ಕತ್ತರಿ ಇಲ್ಲ, ಬಳ್ಳಿ ಮುಟ್ಟದ ಖಾಲಿ ಅಂಚಿಗೆ ಲೇಸರ್ ಬೆಳಕು ಬಿಟ್ಟು ಸುಡುತ್ತೇವೆ, ಆಗ ಹುಚ್ಚು ಕುಡಿ ತಾನೇ ಅಡಗುತ್ತದೆ ಎಂದು ಹೇಳಿದರು. "ಕುಡಿ ಸ್ವಲ್ಪ ಎದ್ದಿದೆ. ಹದಿನೈದು ದಿನ ಕಾಯುವ. ಇನ್ನೂ ಎದ್ದರೆ ನಿಮ್ಮ ಚಾಟ್ನಿ."

ಈ ಸಲ ಕೂಸನ್ನು ಬಿಗಿಯಾಗಿ ಬಟ್ಟೆಯಲ್ಲಿ ಸುತ್ತಿದರು. ತುಟಿಗೆ ಸಕ್ಕರೆ ನೀರು, ಕಣ್ಣಿಗೆ ಜೋಮು ಹಿಡಿಸುವ ಹನಿ. ರೆಪ್ಪೆ ಮುಚ್ಚದಂತೆ ಸಣ್ಣ ತಂತಿ ಇಟ್ಟಾಗ ಭಾಗ್ಯಾ ಗೋಡೆಯ ಕಡೆ ತಿರುಗಿದಳು. ನಾನು ತಿರುಗಲಿಲ್ಲ. ಡಾಕ್ಟರಮ್ಮ ಕ್ಯಾಮೆರಾ ತಾಗಿಸಿದರು. ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ಕಿತ್ತಳೆ ಬಣ್ಣದ ಒಂದು ಹೊಲ ಮೂಡಿತು. ನಡುವೆ ಬೆಳ್ಳನೆಯ ಬುಡ, ಅಲ್ಲಿಂದ ಕೆಂಪು ಬಳ್ಳಿಗಳು ಕವಲೊಡೆದು, ಎಳೆಯಾಗುತ್ತ ಎಳೆಯಾಗುತ್ತ... ನಾನು ಅಂಚನ್ನೇ ಹುಡುಕಿದೆ. ಅವರು ಕ್ಯಾಮೆರಾ ಹೊರಳಿಸುತ್ತಲೇ ಇದ್ದರು. ಇನ್ನೊಂದು ಕಣ್ಣು ನೋಡಿದರು. ತಂತಿ ತೆಗೆದು, ಕೂಸನ್ನು ನನ್ನ ಕೈಗೇ ಕೊಟ್ಟು ಹೇಳಿದರು:

"ಅಮ್ಮ, ಚಾಟ್ನಿ ಬೇಡ. ಎದ್ದ ಕುಡಿ ತಾನೇ ಅಡಗಿದೆ, ಬಳ್ಳಿ ಅಂಚು ಮುಟ್ಟಿದೆ."

ನಾನು ಕೂಸನ್ನು ಎದೆಗವಚಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಭಾಗ್ಯಾ ಅಳುತ್ತಲೇ ಕೇಳಿದಳು: "ಡಾಕ್ಟರ್, ನಾ ಲೋಕಲ್‌ದಾಗ ಓಡ್ಯಾಡಿದ್ದಕ್ಕ ಹಿಂಗಾತೇನ್ರೀ?"

"ನಾನೂ ಬಸುರಿಯಿದ್ದಾಗ ಎಂಟು ತಿಂಗಳು ಲೋಕಲ್‌ನಲ್ಲೇ ಬಂದದ್ದು ಮಗಾ. ನಾವು ಮಾಡಿದ ಅಪಾಯದ ಪಟ್ಟಿ ಯಾರನ್ನು ಬೈಯಬೇಕು ಅಂತ ಅಲ್ಲ, ಯಾರ ಕಣ್ಣು ಮೊದಲು ನೋಡಬೇಕು ಅಂತ."

ಇಂಥ ಮಕ್ಕಳಿಗೆ ಮುಂದೆ ಕನ್ನಡಕ ಬರಬಹುದು, ಕರೆದಾಗ ತಪ್ಪದೆ ತೋರಿಸಬೇಕು ಎಂದೂ ಹೇಳಿದರು. "ಚಷ್ಮಾ ಹಾಕ್ಕೊಂಡ ಸಾಲಿಗಿ ಹೋಗ್ತಾಳ್ರಿ, ಅದಕ್ಕೇನ" ಎಂದೆ. ಊರಿನಿಂದ ತರಿಸಿದ್ದ ಒಣದ್ರಾಕ್ಷಿ ಪೊಟ್ಟಣ ಮುಂದಿಟ್ಟೆ. ಡಾಕ್ಟರಮ್ಮ ನಾಲ್ಕೇ ಕಾಳು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಸಾಲಿನಲ್ಲಿ ಕೂತ ತಾಯಂದಿರಿಗೆ ಹಂಚಿಸಿದರು.

ಹೊರಗೆ ಬಂದಾಗ ಎರಡು ಗಂಟೆ. ಕೂಸು ಹೊಟ್ಟೆತುಂಬ ಹಾಲು ಕುಡಿದು ಮಲಗಿತ್ತು. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಇಡ್ಲಿ ಹೇಳಿದೆವು. ತಂದವನು, "ಇನ್ನೂ ಚಟ್ನಿ ಬೇಕಾ ಅಮ್ಮ?" ಎಂದ. ನಾನೂ ಭಾಗ್ಯಾಳೂ ಮುಖ ಮುಖ ನೋಡಿ ನಗತೊಡಗಿದೆವು; ಪಾಪ, ಅವನು ಅಂಗಿಯ ಮೇಲೆ ಏನಾದರೂ ಚೆಲ್ಲಿದೆಯೇ ಎಂದು ನೋಡಿಕೊಂಡ. "ಬೇಕಪ್ಪ. ಚಟ್ನಿ ಎಷ್ಟಿದ್ರೂ ಹಾಕು" ಎಂದೆ. ತಿಂಗಳುಗಳ ಮೇಲೆ ಅನ್ನಕ್ಕೆ ರುಚಿ ಬಂದಿತ್ತು, ಅದು ಇಡ್ಲಿಯೇ ಆದರೂ.

ಮರಳುವಾಗ ಲೋಕಲ್ ಖಾಲಿ. ಮಾಹಿಮ್ ದಾಟಿ ಸಮುದ್ರದ ಹಿನ್ನೀರಿನ ಖಾಡಿಯ ಸೇತುವೆ ಬಂದಾಗ ನೀರಿನ ಬಿಸಿಲು ಡಬ್ಬಿಯೊಳಗೆಲ್ಲ ಕುಣಿಯಿತು. ಕೂಸು ಎಚ್ಚರವಾಯಿತು. ಹನಿಯ ಗುಣಕ್ಕೆ ಕಣ್ಣೆರಡೂ ಮಾಗಿದ ಕರಿದ್ರಾಕ್ಷಿಯ ಹಾಗೆ ಅಗಲವಾಗಿದ್ದವು. ಭಾಗ್ಯಾ ಆ ಹಳದಿ ಕ್ಲಿಪ್ಪನ್ನು ಅದರ ಮುಂದೆ ಆಡಿಸಹೋದಳು.

ನಾನು ಸೆರಗು ಅಡ್ಡ ಹಿಡಿದೆ. "ಇವತ್ತೊಂದ ದಿನ ಬೆಳಕ ಚುಚ್ಚತೈತಿ, ಬ್ಯಾಡ. ನಾಳಿಗಿ ತೋರಸು."